ಸಹಾಯ ಬೇಕು: ಜೊತೆಗಾರರ ಚೀಲಕ್ಕೇ ಕೈ ಹಾಕುವ ರೋಗ್‌ನ ಏನು ಮಾಡಲಿ?

ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 5ನೇ ಎಡಿಷನ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ), ನಾನು ಡಿಎಂ, ಅಂದರೆ ಕಥೆ ನಡೆಸೋದು ನಾನು, ನಾಲ್ಕು ಜನ ಆಟಗಾರರು. ಮೂವರದು ಏನೂ ತಕರಾರಿಲ್ಲ. ನಾಲ್ಕನೆಯವನದು ರೋಗ್, ಅಂದರೆ ಕಳ್ಳತನ, ಕೈಚಳಕದಲ್ಲಿ ಪಳಗಿದ ಪಾತ್ರ; ಅಲೈನ್‌ಮೆಂಟ್, ಅಂದರೆ ಪಾತ್ರದ ಸ್ವಭಾವ, ಕೆಯಾಟಿಕ್ ನ್ಯೂಟ್ರಲ್, ಮನಸ್ಸಿಗೆ ಬಂದಂತೆ ನಡೆಯುವ ಜಾತಿ (ಅದನ್ನು ಕೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು).

ಹೋದ ಸಲ ಇನ್ನೊಬ್ಬರ ಪಾತ್ರವಾದ ಕ್ಲೆರಿಕ್ (ದೈವಶಕ್ತಿಯ ಪೂಜಾರಿಣಿ) ಸೊನ್ನೆ ಹಿಟ್ ಪಾಯಿಂಟಿಗೆ (ಪ್ರಾಣಶಕ್ತಿಯ ಲೆಕ್ಕ) ಬಂದು ನೆಲಕ್ಕೆ ಬಿದ್ದಿದ್ದಳು, ಡೆತ್ ಸೇವ್, ಅಂದರೆ ಬದುಕುಳಿಯಲು ಹಾಕುವ ದಾಳ, ಎರಡು ಫೇಲ್, ಇನ್ನೊಂದು ಫೇಲ್ ಆದರೆ ಕಥೆ ಮುಗೀತು. ಇವನ ಹತ್ತಿರ ಹೀಲಿಂಗ್ ಪೋಶನ್ (ಗಾಯ ವಾಸಿ ಮಾಡುವ ಮದ್ದು) ಇತ್ತು. ಅದನ್ನು ಕುಡಿಸೋದು ಬಿಟ್ಟು ಅವಳ ಚೀಲ ತಡಕುತ್ತೀನಿ ಅಂತ ದಾಳ ಕೈಗೆತ್ತಿಕೊಂಡ. ಒಬ್ಬರೂ ನಗಲಿಲ್ಲ. ಕೇಳಿದರೆ ಒಂದೇ ಉತ್ತರ, 'ನನ್ನ ಕ್ಯಾರೆಕ್ಟರ್ ಇರೋದೇ ಹಾಗೆ'. ಆ ಕ್ಯಾರೆಕ್ಟರ್ ಮಾಡಿದವನೂ ಇವನೇ ಅಲ್ವಾ?

ಆಟದೊಳಗೇ ಬುದ್ಧಿ ಕಲಿಸೋಣ ಅಂತ ಒಮ್ಮೆ ಕಾವಲುಗಾರರ ಕೈಯಲ್ಲಿ ಹಿಡಿಸಿ ಜೈಲಿಗೆ ಹಾಕಿಸಿದೆ. ಅದು ಇನ್ನೂ ಎಡವಟ್ಟಾಯಿತು, ಇವನು ತಪ್ಪಿಸಿಕೊಳ್ಳುವ ಪ್ಲಾನ್ ಹಾಕುತ್ತಾ ಕೂತ, ಉಳಿದ ಮೂವರು ಇಡೀ ಸೆಷನ್ ಸುಮ್ನೆ ಅವನ ಮುಖ ನೋಡಿಕೊಂಡು ಕೂತರು. ಆಮೇಲೆ ಒಬ್ಬನನ್ನೇ ಕರೆದು ಮಾತಾಡಿದೆ. ಎರಡು ಸೆಷನ್ ಸರಿ ಇದ್ದ, ಮತ್ತೆ ಅದೇ ಹಾಡು. ಸೆಷನ್ ಜೀರೋ (ಆಟಕ್ಕೆ ಮುಂಚೆ ಎಲ್ಲರೂ ಕೂತು ಏನು ನಡೆಯುತ್ತೆ, ಏನು ನಡೆಯಲ್ಲ ಅಂತ ಮಾತಾಡಿಕೊಳ್ಳೋದು) ಮಾಡದೆ ಶುರು ಮಾಡಿದ್ದು ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ.

ಅವನು ಹಳೇ ಗೆಳೆಯ, ಗುಂಪಿನಿಂದ ತೆಗೆಯೋಕೆ ಮನಸ್ಸಿಲ್ಲ. ಗೊಂದಲ ಇರೋದು ಇಲ್ಲಿ: ಪಾರ್ಟಿಯವರ, ಅಂದರೆ ಜೊತೆಗಾರ ಪಾತ್ರಗಳ ಮೇಲೆ ಇಂಥದ್ದು ಮಾಡಲು ಬಂದರೆ 'ಇದು ನಡೆಯಲ್ಲ' ಅಂತ ದಾಳ ಹಾಕೋಕೇ ಬಿಡದೆ ನಿಲ್ಲಿಸಲಾ, ಅಥವಾ ಪಾರ್ಟಿ ಜೊತೆ ಇರೋಕೆ ಕಾರಣ ಇರುವ ಹೊಸ ಕ್ಯಾರೆಕ್ಟರ್ ಮಾಡು ಅನ್ನಲಾ? ಕ್ಯಾಂಪೇನ್ (ಹಲವು ಸೆಷನ್ ಸಾಗುವ ಒಂದೇ ಕಥೆ) ಮಧ್ಯದಲ್ಲಿ ಹೀಗೆ ಮಾಡಿದವರು ಇದ್ದರೆ, ಎಲ್ಲರ ಮುಂದೆ ಹೇಳಿದಿರಾ, ಒಬ್ಬನಿಗೇ ಹೇಳಿದಿರಾ?