ಅಪ್ಪನ ಮೆದುಳಿಗೆ ಕಂಪ್ಯೂಟರ್ ಜೋಡಿಸಿದರೆ ಅವರ ಮಾತು ನಮಗೆ ತಿಳಿಯುತ್ತದೆಯೇ?

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದವರು. ಐದು ತಿಂಗಳ ಹಿಂದೆ ಅಪ್ಪ ನಾಯಂಡಹಳ್ಳಿಯ ಬಳಿ ಸ್ಕೂಟರಿನಿಂದ ಬಿದ್ದರು, ತಲೆಗೆ ಪೆಟ್ಟಾಯಿತು. ಈಗ ಮನೆಯಲ್ಲಿದ್ದಾರೆ, ಮೂಗಿನ ನಳಿಕೆಯಲ್ಲೇ ಆಹಾರ. ಹಗಲಿಡೀ ಕಣ್ಣು ತೆರೆದಿರುತ್ತದೆ. ಕರೆದರೆ ತಿರುಗುವುದಿಲ್ಲ, ಕೈ ಹಿಡಿದರೆ ಹಿಸುಕುವುದಿಲ್ಲ. ‘ಅವರಿಗೆ ಏನೂ ಗೊತ್ತಾಗುವುದಿಲ್ಲ’ ಎಂದು ಹೇಳಿ ಮನೆಗೆ ಕಳುಹಿಸಿದರು. ಈಗ ಒಬ್ಬರು ತಲೆಗೆ ಪಟ್ಟಿ ಕಟ್ಟಿ ಕಂಪ್ಯೂಟರ್ ಮೂಲಕ ಮಾತನಾಡಿಸುತ್ತೇವೆ ಎಂದು ದೊಡ್ಡ ಮೊತ್ತ ಕೇಳುತ್ತಿದ್ದಾರೆ. ಅಮ್ಮ ಬಳೆ ಮಾರಲು ಹೊರಟಿದ್ದಾರೆ.

ಉತ್ತರ (ನರರೋಗ ಪುನಶ್ಚೇತನ ವೈದ್ಯೆ): ಬಳೆ ಮಾರಬೇಡಿ. ಹಾಗೆಂದು ‘ಏನೂ ಗೊತ್ತಾಗುವುದಿಲ್ಲ’ ಎಂಬ ಮಾತನ್ನೂ ಈಗಲೇ ಒಪ್ಪಿಕೊಳ್ಳಬೇಡಿ.

2006ರಲ್ಲಿ ನರವಿಜ್ಞಾನಿ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ 23 ವರ್ಷದ ಯುವತಿಯೊಬ್ಬಳನ್ನು ಪರೀಕ್ಷಿಸಿದ ವಿವರ ಪ್ರಕಟಿಸಿದರು. ಅವಳದೂ ರಸ್ತೆ ಅಪಘಾತ, ಅವಳಿಗೂ ಐದು ತಿಂಗಳಾಗಿತ್ತು. ಸ್ಕ್ಯಾನರಿನೊಳಗೆ ಮಲಗಿಸಿ ‘ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೋ’, ‘ನಿನ್ನ ಮನೆಯ ಕೋಣೆಗಳಲ್ಲಿ ಓಡಾಡುತ್ತಿರುವಂತೆ ಕಲ್ಪಿಸಿಕೋ’ ಎಂದರು. ಆರೋಗ್ಯವಂತರ ಮೆದುಳಿನಲ್ಲಿ ಯಾವ ಭಾಗಗಳು ಚುರುಕಾದವೋ ಅವಳಲ್ಲೂ ಅವೇ ಚುರುಕಾದವು. ಬೆರಳು ಅಲುಗದಿದ್ದರೂ ಮಾತು ಒಳಗೆ ತಲುಪಿತ್ತು. 2024ರ ದೊಡ್ಡ ಅಧ್ಯಯನವೊಂದರಲ್ಲಿ, ಹೇಳಿದ್ದಕ್ಕೆ ಹಾಸಿಗೆಯಲ್ಲಿ ಸ್ಪಂದಿಸದ 241 ಮಂದಿಯಲ್ಲಿ 60 ಮಂದಿ ಹೀಗೆ ಮೆದುಳಿನಿಂದಲೇ ಉತ್ತರಿಸಿದರು.

ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ನಾನು ಎಲ್ಲ ಮನೆಯವರಿಗೂ ಹೇಳುತ್ತೇನೆ. ಹೇಳಿದಂತೆ ಮಾಡಬಲ್ಲ 112 ಮಂದಿಗೂ ಇದೇ ಪರೀಕ್ಷೆ ನಡೆಯಿತು. ಯಂತ್ರ ಗುರುತಿಸಿದ್ದು 43 ಮಂದಿಯನ್ನು ಮಾತ್ರ. ಆದ್ದರಿಂದ ಯಂತ್ರ ‘ಇಲ್ಲ’ ಎಂದರೆ ಒಳಗೆ ಯಾರೂ ಇಲ್ಲವೆಂದು ಅರ್ಥವಲ್ಲ.

ತಲೆಪಟ್ಟಿಯ ವಿಷಯ. ಇಂಥ ಪಟ್ಟಿ ದಾಖಲಿಸುವುದು ಇಇಜಿ, ಅಂದರೆ ತಲೆಯ ಮೇಲಿನಿಂದ ಅಳೆಯುವ ಮೆದುಳಿನ ವಿದ್ಯುತ್ ಅಲೆಗಳು. ರೆಪ್ಪೆ ಬಡಿದರೂ ಹಣೆಯ ಸ್ನಾಯು ಬಿಗಿದರೂ ಅದರಲ್ಲಿ ಅಲೆ ಮೂಡುತ್ತದೆ. ಅದನ್ನೇ ‘ಹೌದು’ ಎಂದು ಪರದೆಯ ಮೇಲೆ ತೋರಿಸುವುದು ಕಷ್ಟವಲ್ಲ. ಪ್ರಯೋಗಾಲಯಗಳಲ್ಲಿಯೂ ಕೆಲವೇ ರೋಗಿಗಳು ಹೌದು–ಇಲ್ಲ ಎಂದು ಉತ್ತರಿಸಿದ್ದಾರೆ: 2010ರ ಅಧ್ಯಯನದಲ್ಲಿ 54 ಮಂದಿಯ ಪೈಕಿ ಒಬ್ಬರು. ಹಣ ಪಡೆದು ಮಾತಿನ ಭರವಸೆ ಕೊಡುವವರನ್ನು ನಾನು ನಂಬುವುದಿಲ್ಲ.

ಒಂದು ಮಾತು ಕೇಳುತ್ತೇನೆ: ಆಸ್ಪತ್ರೆಯಲ್ಲಿ ‘ಕೈ ಎತ್ತಿ’ ಎಂದು ಯಾವ ಭಾಷೆಯಲ್ಲಿ ಹೇಳಿದರು?

ಪ್ರಶ್ನೆ: ಹಿಂದಿಯಲ್ಲಿ, ಒಮ್ಮೊಮ್ಮೆ ಇಂಗ್ಲಿಷಿನಲ್ಲಿ. ಅಪ್ಪ ಮದ್ದೂರಿನ ಕಡೆಯವರು, ಅವರಿಗೆ ಕನ್ನಡ ಬಿಟ್ಟು ಬೇರೆ ಬಾರದು.

ಉತ್ತರ: ನಮ್ಮ ಊರಿನಲ್ಲಿ ಇದನ್ನು ಮತ್ತೆ ಮತ್ತೆ ಕಾಣುತ್ತೇನೆ, ಪ್ರತಿ ಸಲವೂ ನೋವಾಗುತ್ತದೆ. ಸರಿಯಾದ ಅಳತೆಗೋಲಿಲ್ಲದೆ ಹಾಸಿಗೆಯ ಪಕ್ಕ ನಿಂತು ತೀರ್ಮಾನಿಸಿದಾಗ ಸುಮಾರು 40 ಶೇಕಡಾ ಪ್ರಕರಣಗಳಲ್ಲಿ ಪ್ರಜ್ಞೆಯ ಲಕ್ಷಣಗಳು ಕಣ್ತಪ್ಪಿವೆ. ಅದಕ್ಕಾಗಿಯೇ ಎರಡು ವಾರಗಳಲ್ಲಿ ಕನಿಷ್ಠ ಐದು ಬಾರಿ ಪರೀಕ್ಷಿಸಬೇಕು ಎನ್ನುವುದು.

ಫಿಸಿಯೋಥೆರಪಿ ಮುಗಿದ ಕೂಡಲೇ ಬೇಡ, ಆಗ ದಣಿದಿರುತ್ತಾರೆ. ಚೆನ್ನಾಗಿ ಎಚ್ಚರವಿರುವಾಗ ದಿಂಬು ಒರಗಿಸಿ ಕೂರಿಸಿ, ಟಿವಿ ಆರಿಸಿ. ಅಂಗೈಯಗಲದ ಕನ್ನಡಿಯಲ್ಲಿ ಅವರ ಮುಖ ಅವರಿಗೇ ಕಾಣುವಂತೆ ಹಿಡಿದು, ಬಲಕ್ಕೂ ಎಡಕ್ಕೂ ನಿಧಾನವಾಗಿ ಸರಿಸಿ. ಬೇರೆ ವಸ್ತುವನ್ನು ಹಿಂಬಾಲಿಸದ ಕಣ್ಣು ಕೆಲವೊಮ್ಮೆ ತನ್ನದೇ ಮುಖವನ್ನು ಹಿಂಬಾಲಿಸುತ್ತದೆ. ಮೊಬೈಲಿನಲ್ಲಿ ಚಿತ್ರೀಕರಿಸಿ. ಕಿವಿಯಲ್ಲಿ ಗುಗ್ಗೆ ಕಟ್ಟಿದೆಯೇ, ಮಾತ್ರೆಗಳಲ್ಲಿ ಮಂಪರು ತರುವಂಥದ್ದು ಇದೆಯೇ ಎಂದೂ ವೈದ್ಯರನ್ನು ಕೇಳಿ. ಆಮೇಲೆ ಡಿಸ್ಚಾರ್ಜ್ ಪತ್ರ, ಸ್ಕ್ಯಾನ್ ಸಿ.ಡಿ. ಹಿಡಿದು ಹೊಸೂರು ರಸ್ತೆಯ ನಿಮ್ಹಾನ್ಸ್‌ನ ನರ ಪುನಶ್ಚೇತನ ವಿಭಾಗಕ್ಕೆ ಹೋಗಿ.

ಪ್ರಶ್ನೆ: ನಾಲ್ಕು ದಿನವಾಯಿತು. ಮೂರು ದಿನ ಏನೂ ಇಲ್ಲ. ಇಂದು ಬೆಳಿಗ್ಗೆ ಅಮ್ಮ ಕನ್ನಡಿ ಹಿಡಿದಾಗ ಕಣ್ಣು ಎಡಕ್ಕೆ ಹೋಯಿತು, ಎರಡು ಸಲ. ಬಲಕ್ಕೆ ಹೋಗಲಿಲ್ಲ. ನಮ್ಮ ಆಸೆಯೇ ಹಾಗೆ ಕಾಣಿಸುತ್ತಿದೆಯೋ ಎಂದು ಭಯವಾಗುತ್ತಿದೆ.

ಉತ್ತರ: ಆ ಭಯ ಒಳ್ಳೆಯದು, ಅದಕ್ಕೇ ವಿಡಿಯೊ ಬೇಕು. ದಿನ, ಗಂಟೆ, ಯಾವ ಕಡೆಗೆ ಎಂದು ಬರೆದಿಡಿ. ಕನ್ನಡಿಯನ್ನು ಹಿಂಬಾಲಿಸುವುದು ನಿಜವಾದರೆ ಅದು ಅಲ್ಪ ಪ್ರಜ್ಞೆಯ ಲಕ್ಷಣ; ಚಿಕಿತ್ಸೆಯ ಯೋಜನೆಯೇ ಬದಲಾಗುತ್ತದೆ. ಆಸ್ಪತ್ರೆಗೆ ಹೋಗುವಾಗ ಅದೇ ಕನ್ನಡಿಯನ್ನು ಒಯ್ಯಿರಿ, ಅಮ್ಮನನ್ನೂ ಕರೆದುಕೊಂಡು ಹೋಗಿ. ಪರೀಕ್ಷೆಯ ಮಾತುಗಳನ್ನು ಅವರೇ ಕನ್ನಡದಲ್ಲಿ ಹೇಳಲಿ.