ಸಹಾಯ ಬೇಕು: ಮಕ್ಕಳಿಬ್ಬರೂ ಕನ್ನಡ ಮಾತಾಡುತ್ತಿಲ್ಲ (ಡೊಂಬಿವಲಿ)

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದ ಕಡೆಯವರು, ಈಗ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಇಬ್ಬರು ಗಂಡುಮಕ್ಕಳು, 7 ವರ್ಷ ಮತ್ತು 4 ವರ್ಷ.

ಮೊನ್ನೆ ನಮ್ಮ ಅವ್ವ ಊರಿಂದ ವಿಡಿಯೋ ಕಾಲ್ ಮಾಡಿದ್ದರು. ಚಿಕ್ಕವನು ಊಟದ ತಟ್ಟೆ ಹಿಡಿದುಕೊಂಡೇ ಮರಾಠಿಯಲ್ಲಿ ಏನೇನೋ ಹೇಳಿದ. "ಏನಂತಾನವಾ ಕೂಸು?" ಅಂತ ಅವ್ವ ನನ್ನನ್ನು ಕೇಳಿದರು. ಮೊಮ್ಮಗನ ಮಾತಿಗೆ ಅಜ್ಜಿಗೆ ನಾನು ಅರ್ಥ ಹೇಳಬೇಕಾಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾವು ಕನ್ನಡದಲ್ಲೇ ಮಾತಾಡಿಸುತ್ತೇವೆ. ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ಅಣ್ಣ ತಮ್ಮ ಜಗಳ ಆಡುವುದೂ ಮರಾಠಿಯಲ್ಲೇ. ಇವರ ಅಪ್ಪ ಲೋಕಲ್ ರೈಲು ಹಿಡಿದು ಮನೆ ಸೇರುವಷ್ಟರಲ್ಲಿ ಮಕ್ಕಳು ಮಲಗಿರುತ್ತಾರೆ.

ದೊಡ್ಡವನಿಗೆ ದಿನಾ ಅರ್ಧ ಗಂಟೆ ಅಕ್ಷರ ಕಲಿಸುತ್ತಿದ್ದೇನೆ. ಳ, ಣ ಚೆನ್ನಾಗಿ ಹೇಳುತ್ತಾನೆ, ಮರಾಠಿಯಲ್ಲೂ ಇವೆಯಲ್ಲ. ಆದರೆ ಎ-ಏ, ಒ-ಓ ಜೋಡಿ ಅಲ್ಲಿಲ್ಲ, ಹಾಗಾಗಿ ವ್ಯತ್ಯಾಸವೇ ತಿಳಿಯುವುದಿಲ್ಲ. "ನೀರು ಕೊಡು" ಅನ್ನುವ ಬದಲು "ನೀರು ಕೋಡು" ಅನ್ನುತ್ತಾನೆ. ತಮ್ಮನ ಎದುರು ತಿದ್ದಿದರೆ ಮುಖ ಸಣ್ಣ ಮಾಡಿಕೊಂಡು ಪುಸ್ತಕ ಮುಚ್ಚಿಬಿಡುತ್ತಾನೆ. ಹೇಗೆ ತಿದ್ದಲಿ? ಈ ಹಂತ ದಾಟಿಸಿದ ಅಮ್ಮಂದಿರು ದಯವಿಟ್ಟು ಹೇಳಿ.

ಮುಂಬೈನ ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ ಇವೆ, ಗೊತ್ತು. ಆದರೆ ಇಬ್ಬರನ್ನೂ ಲೋಕಲ್‌ನಲ್ಲಿ ವಾರವಾರ ಕರೆದುಕೊಂಡು ಹೋಗುವುದು ಕಷ್ಟ. ಡೊಂಬಿವಲಿ, ಠಾಕುರ್ಲಿ, ಕಲ್ಯಾಣ್ ಕಡೆ ಇದೇ ವಯಸ್ಸಿನ ಮಕ್ಕಳಿರುವ ಕನ್ನಡ ಮನೆಗಳಿವೆಯಾ? ಭಾನುವಾರ ಸಂಜೆ ಒಂದು ಗಂಟೆ ಸುಮ್ನೆ ಒಟ್ಟಿಗೆ ಆಡಿದರೂ ಸಾಕು. ನಮ್ಮ ಮನೆಗೇ ಬನ್ನಿ, ಮಂಡಕ್ಕಿ, ಮಿರ್ಚಿ ಮಾಡುತ್ತೇನೆ.