'ಮೆಮರಿ' ಅಂದರೆ ಕಣವೋ, ಹಗೇವೋ?

ಒಂದು ಪದದ ದೆಸೆಯಿಂದ ಮೊನ್ನೆ ನಮ್ಮ ಮನೆಯಲ್ಲಿ ದುಡ್ಡು ಹೋಯಿತು. ಪದ 'ಮೆಮರಿ'.

ಅಣ್ಣನ ಮಗ ಗದಗಿನಲ್ಲಿ ಮದುವೆ ವಿಡಿಯೋ ಮಾಡುತ್ತಾನೆ. ಅವನ ಹಳೆ ಕಂಪ್ಯೂಟರಿನಲ್ಲಿ 8 ಜಿಬಿ ರ್ಯಾಮ್ ಇದೆ, ಅಂದರೆ ಕೆಲಸ ನಡೆಯುವಷ್ಟು ಹೊತ್ತು ಎಲ್ಲವನ್ನೂ ಹರವಿಕೊಳ್ಳುವ ಜಾಗ. ನಾಲ್ಕು ಕ್ಲಿಪ್ ಜೋಡಿಸಿದರೆ ಸಾಕು, ಅಕ್ಷತೆ ಹಾಕುವ ಕೈಗಳು ಗಾಳಿಯಲ್ಲೇ ನಿಂತುಬಿಡುತ್ತವೆ. ಹುಬ್ಬಳ್ಳಿಯ ಅಂಗಡಿಗೆ ಒಯ್ದು 'ಮೆಮರಿ ಜಾಸ್ತಿ ಮಾಡ್ರಿ' ಎಂದ. ಅವರು ಫೈಲು ಕೂಡಿಡುವ 2 ಟಿಬಿ ಹಾರ್ಡ್ ಡಿಸ್ಕ್ ಕೂರಿಸಿ ಕೊಟ್ಟರು. ಸಂಜೆ ಫೋನ್ ಬಂತು: 'ಕಾಕಾ, ಮೆಮರಿ ಇಷ್ಟ್ ಹಾಕ್ಸಿದ್ರೂ ಹಂಗ ನಿಂದರತೈತಲ್ಲ?'

ಅಂಗಡಿಯವರದೇ ತಪ್ಪು ಅಂತ ಹೇಳಲಾರೆ. ಮೊಬೈಲಿನಲ್ಲಿ ಫೋಟೋ ತುಂಬಿದರೂ ನಾವು 'ಮೆಮರಿ ಫುಲ್' ಅನ್ನುತ್ತೇವೆ, ಕ್ಯಾಮೆರಾದೊಳಗೆ ಹಾಕುವುದೂ ಮೆಮರಿ ಕಾರ್ಡೇ. ಅವರು 'ಜಾಗ ಸಾಲುತ್ತಿಲ್ಲ' ಅಂದುಕೊಂಡರು. ಇವನಿಗೆ ಬೇಕಿದ್ದದ್ದು ರ್ಯಾಮ್.

ಪುಸ್ತಕದ 'ಸ್ಮೃತಿ', 'ಸ್ಮರಣೆ' ತಂದರೂ ಗಂಟು ಬಿಡುವುದಿಲ್ಲ. ಕರೆಂಟ್ ಹೋದರೆ ಎಲ್ಲವನ್ನೂ ಮರೆಯುವುದು ರ್ಯಾಮ್. ಅದನ್ನೇ ನೆನಪು ಅನ್ನುವುದು ತಮಾಷೆ ಅಲ್ವಾ? 1945ರಲ್ಲಿ ಗಣಿತಜ್ಞ ವಾನ್ ನ್ಯೂಮನ್ ಎಡ್ವ್ಯಾಕ್ ಎಂಬ ಮೊದಮೊದಲ ಕಂಪ್ಯೂಟರಿನ ವರದಿ ಬರೆದಾಗ ಯಂತ್ರದ ಭಾಗಗಳನ್ನು ಮಿದುಳಿನ ನರಕೋಶಗಳಿಗೆ ಹೋಲಿಸಿದ್ದ, ಅಲ್ಲಿ 'ಮೆಮರಿ' ಪದವೂ ಇದೆ. ಅದಕ್ಕೂ ನೂರು ವರ್ಷ ಮೊದಲು ಚಾರ್ಲ್ಸ್ ಬ್ಯಾಬೇಜ್ ತಾನು ಯೋಚಿಸಿದ ಎಣಿಕೆ ಯಂತ್ರದಲ್ಲಿ ಅಂಕಿಗಳನ್ನು ಇಡುವ ಭಾಗಕ್ಕೆ 'ಸ್ಟೋರ್', ಲೆಕ್ಕ ಮಾಡುವ ಭಾಗಕ್ಕೆ 'ಮಿಲ್' ಎಂದು ಕರೆದಿದ್ದ. ಅಂದರೆ ಉಗ್ರಾಣ ಮತ್ತು ಗಿರಣಿ! ಹುಬ್ಬಳ್ಳಿಯವರಿಗೆ ಗಿರಣಿ ಏನೆಂದು ಬಿಡಿಸಿ ಹೇಳಬೇಕಿಲ್ಲ. ಪ್ರೊಸೆಸರಿಗೆ ಇದಕ್ಕಿಂತ ಒಳ್ಳೆ ಪದ ನನಗೆ ಹೊಳೆದಿಲ್ಲ.

ಹಾಗೇ ಯೋಚಿಸುತ್ತಾ ಹೋದಾಗ ನಮ್ಮ ಹೊಲದ ಪದಗಳು ನೆನಪಾದವು. ರ್ಯಾಮ್‌ಗೆ 'ಕಣ'. ನೆಲ ಗಟ್ಟಿ ಮಾಡಿ, ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು, ಜೋಳದ ತೆನೆ ಹರವಿ ಎತ್ತು ತುಳಿಸುತ್ತಿದ್ದ ಜಾಗ. ಕೆಲಸ ನಡೆಯುವುದೆಲ್ಲ ಅಲ್ಲೇ. ಕಣ ಸಣ್ಣದಾದರೆ ಒಂದಿಷ್ಟು ಹರವಬೇಕು, ತುಳಿಸಬೇಕು, ಬಳಿಯಬೇಕು, ಮತ್ತೊಂದಿಷ್ಟು ತರಬೇಕು. ಮೂಲೆಯಲ್ಲಿ ಎಷ್ಟೇ ತೆನೆ ಬಿದ್ದಿರಲಿ, ಎತ್ತು ಎಷ್ಟೇ ಜೋರಿರಲಿ, ರಾಶಿ ಮುಗಿಯುವುದಿಲ್ಲ. ಅಣ್ಣನ ಮಗನ ಕಂಪ್ಯೂಟರಿಗೆ ಆಗಿದ್ದು ಇದೇ. ರಾಶಿ ಮುಗಿದ ಮೇಲೆ ಕಣ ಖಾಲಿ, ಅದೂ ಸರಿಹೊಂದುತ್ತದೆ.

ಹಾರ್ಡ್ ಡಿಸ್ಕಿಗೆ 'ಹಗೇವು'. ನೆಲದೊಳಗೆ ತೋಡಿದ ಕಾಳಿನ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ. ತೆರೆದ ಕೂಡಲೇ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು. ತುಂಬಾ ಹಿಡಿಸುತ್ತದೆ, ಆದರೆ ತೆಗೆಯುವುದು ನಿಧಾನ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 150 ಎಂಬಿ ಕೊಟ್ಟರೆ ತಿರುಗುವ ತಟ್ಟೆ ಇಲ್ಲದೆ ಚಿಪ್‌ಗಳಲ್ಲೇ ಕೂಡಿಡುವ ಎಸ್‌ಎಸ್‌ಡಿ, ಹಳೆ ಸಾಟಾ ಜೋಡಣೆಯದಾದರೂ 500 ದಾಟುತ್ತದೆ, ಹೊಸ ಎನ್‌ವಿಎಂಇ ಜೋಡಣೆಯದಾದರೆ 3000ದ ಆಚೆ. ಹಾಗಾಗಿ ಎಸ್‌ಎಸ್‌ಡಿಗೆ ಮನೆಯೊಳಗಿನ 'ಕಣಜ' ಅನ್ನಬಹುದೇನೋ, ಕೈ ಹಾಕಿದರೆ ಕಾಳು. ಈಗ ಎಡಿಟ್ ಆಗುತ್ತಿರುವ ಮದುವೆ ಕಣಜದಲ್ಲಿ, ಹಣ ಸಂದಾಯವಾದ ಮದುವೆ ಹಗೇವಿನಲ್ಲಿ.

ಇದನ್ನು ಸುಮ್ನೆ ಚಪಲಕ್ಕೆ ಕೇಳುತ್ತಿಲ್ಲ. ಅವನೀಗ ಕಡಿಮೆ ದುಡ್ಡಲ್ಲಿ ಹೊಸದನ್ನೇ ಅಸೆಂಬಲ್ ಮಾಡಿಸಲು ಹೊರಟಿದ್ದಾನೆ, ಅವನಿಗೂ ಅವನ ಗೆಳೆಯರಿಗೂ ಎರಡು ಪುಟ ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಅದರಲ್ಲಿರುವುದು ಇಂಥದ್ದು: ಫುಲ್ ಎಚ್‌ಡಿ ವಿಡಿಯೋ ಮಾತ್ರ ಆದರೆ ರ್ಯಾಮ್ 16 ಜಿಬಿ, ಇನ್ನೂ ಸ್ಪಷ್ಟವಾದ 4ಕೆ ಕೂಡ ಇದ್ದರೆ 32. 16 ಅನ್ನು ಒಂದೇ ಸ್ಟಿಕ್ ಬದಲು 8ರ ಎರಡಾಗಿ ಹಾಕಿಸಿದರೆ ವೇಗ ಸಿಗುತ್ತದೆ. ಇಂಟೆಲ್ ಕಂಪನಿಯ ಗಿರಣಿಯ (ಪ್ರೊಸೆಸರಿನ) ಹೆಸರಿನ ಕೊನೆಗೆ 'ಎಫ್' ಇದ್ದರೆ ಅದರೊಳಗೆ ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಇರುವುದಿಲ್ಲ, ವಿಡಿಯೋ ಬಿಚ್ಚಲು ನೆರವಾಗುವ ಕ್ವಿಕ್ ಸಿಂಕ್ ಕೂಡ ಇರುವುದಿಲ್ಲ. ಸ್ವಲ್ಪ ಅಗ್ಗ ಅಂತ ಅದನ್ನೇ ತರುವವರು ಜಾಸ್ತಿ.

ತೊಡಕೂ ಇವೆ. 'ಕಣ' ಅಂದರೆ ವಿಜ್ಞಾನ ಓದಿದವರಿಗೆ ಚೂರು, ಪೇಪರ್ ಓದುವವರಿಗೆ ಚುನಾವಣೆ. 'ಹಗೇವು' ಅಂದರೆ 'ಹಗೆ' ನೆನಪಾಗುತ್ತದೆ, ಅಂದರೆ ವೈರಿ. ಅಣ್ಣನ ಮಗನಿಗೆ ಓದಿ ಹೇಳಿದರೆ, 'ಅಂಗಡ್ಯಾಗ ಕಣ ಕೊಡ್ರಿ ಅಂದ್ರ ಹೊಲಕ್ಕ ಹೋಗು ಅಂತಾರ ಕಾಕಾ' ಅಂದ. ಅದು ನಿಜ. ಅಂಗಡಿಯಲ್ಲಿ ರ್ಯಾಮ್ ಅಂತಲೇ ಕೇಳಲಿ, ನನಗೆ ಬೇಕಿರುವುದು ವಿವರಿಸುವಾಗ ಹೇಳಲು ಪದ.

ನಿಮ್ಮ ಕಡೆ ರ್ಯಾಮ್, ಹಾರ್ಡ್ ಡಿಸ್ಕ್ ಇವೆರಡನ್ನೂ ಮಾತಿನಲ್ಲಿ ಹೇಗೆ ಬೇರೆ ಮಾಡುತ್ತೀರಿ? ಹಾವೇರಿ ಕಡೆಯವರು ಇದ್ದರೆ ಇನ್ನೊಂದು: ನಿಮ್ಮಲ್ಲಿ 'ಹಗೇವು' ಅನ್ನುತ್ತಾರೋ, ಬರೀ 'ಹಗೆ' ಅನ್ನುತ್ತಾರೋ?